ದೀಪದ ಮುಂದೆಯೂ ಕತ್ತಲೆ

ನನ್ನ ತಂಗಿಯ ಮಗ ಬೆಂಗಳೂರಿನಲ್ಲಿ ಹೊಸ ಮೋಟಾರ್ ಸೈಕಲ್ ಕೊಂಡಿದ್ದಾನೆ. ಕೊಂಡ ವಾರದಲ್ಲಿಯೇ ದೂರವಾಣಿ ಮಾಡಿ, "ಮಾವ, ನೀವು ಮೂವತ್ತು ವರ್ಷ ಬೆಳಕಿನ ಪಾಠ ಮಾಡಿದವರು. ಗಾಡಿಗೆ ಎರಡು ಎಕ್ಸ್‌ಟ್ರಾ ಲೈಟ್ ಹಾಕಿಸಬೇಕು, ಯಾವುದು ಒಳ್ಳೆಯದು ಹೇಳಿ" ಎಂದು ಕೇಳಿದ. ಜೊತೆಗೆ ಹತ್ತು ಹನ್ನೆರಡು ಚಿತ್ರಗಳನ್ನೂ ಕಳುಹಿಸಿದ. ಪ್ರತಿ ಚಿತ್ರದ ಕೆಳಗೂ ಒಂದೊಂದು ಸಂಖ್ಯೆ: 40 ವಾಟ್, 60 ವಾಟ್, 125 ವಾಟ್, ಹತ್ತು ಸಾವಿರ ಲ್ಯೂಮೆನ್. ಇವುಗಳಲ್ಲಿ ಅತ್ಯಂತ ಪ್ರಖರವಾದದ್ದನ್ನು ಆರಿಸಿಕೊಡುವುದು ಮಾವನ ಕರ್ತವ್ಯವೆಂದು ಅವನು ಭಾವಿಸಿದಂತಿತ್ತು. ನಾನು, "ಒಂದೂ ಬೇಡ" ಎಂದೆ. ಅವನಿಗೆ ಬೇಸರವಾಯಿತು. ಕಾರಣ ಕೇಳಿದ. ದೂರವಾಣಿಯಲ್ಲಿ ಹೇಳಿ ಮುಗಿಸುವ ಕಾರಣವಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ಇದನ್ನು ಓದುವ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಇಂಥ ದೀಪಗಳನ್ನು ಹಾಕಿಸಿಕೊಂಡವರೇ ಎಂಬುದು ನನಗೆ ಗೊತ್ತಿದೆ. ಅವರು ಸಿಟ್ಟಾದರೂ ಅಡ್ಡಿಯಿಲ್ಲ. ತರಗತಿಯಲ್ಲಿಯೂ ನನ್ನ ಮೇಲೆ ಸಿಟ್ಟಾದವರೇ ಹೆಚ್ಚು.

ಮೊದಲಿಗೆ ನನ್ನ ಪೂರ್ವಗ್ರಹ ಎಲ್ಲಿಂದ ಬಂತೆಂಬುದನ್ನು ಹೇಳಿಬಿಡುತ್ತೇನೆ. 2019ರ ಡಿಸೆಂಬರಿನಲ್ಲಿ ನಾನೂ ನನ್ನ ಶ್ರೀಮತಿಯೂ ತೀರ್ಥಹಳ್ಳಿಯಲ್ಲಿ ಒಂದು ಮದುವೆಯ ಆರತಕ್ಷತೆ ಮುಗಿಸಿಕೊಂಡು ಸ್ಕೂಟರಿನಲ್ಲಿ ಮನೆಗೆ ಮರಳುತ್ತಿದ್ದೆವು. ರಾತ್ರಿ ಒಂಬತ್ತರ ಸಮಯ. ನನ್ನ ವೇಗ ಗಂಟೆಗೆ 40 ಕಿಲೋಮೀಟರನ್ನು ಮೀರಿರಲಿಲ್ಲ. ತಿರುವಿನಿಂದ ಒಂದು ಮೋಟಾರ್ ಸೈಕಲ್ ಹೊರಬಂತು. ಅದರ ಹೆಡ್‌ಲೈಟಿನ ಜೊತೆಗೆ ಕೆಳಗಡೆ ಲೆಗ್‌ಗಾರ್ಡಿಗೆ ಬಿಗಿದ ಎರಡು ಬಿಳಿಯ ದೀಪಗಳು. ಆ ಕ್ಷಣದಿಂದ ನನಗೆ ರಸ್ತೆ ಇಲ್ಲ, ಅಂಚಿಲ್ಲ, ಮರವಿಲ್ಲ, ಬಿಳಿಯ ಗೋಡೆಯೊಂದೇ. ಅದು ಹಾದುಹೋದ ಮೇಲೆ ಕಪ್ಪು ಗೋಡೆ. ನಾಲ್ಕು ಸೆಕೆಂಡು ಎಂದು ಲೆಕ್ಕ ಹಿಡಿಯಿರಿ. 40 ಕಿಲೋಮೀಟರ್ ವೇಗದಲ್ಲಿ ಸೆಕೆಂಡಿಗೆ 11 ಮೀಟರ್. ಅಂದರೆ 44 ಮೀಟರ್ ದೂರವನ್ನು ನಾನು ಕುರುಡನಾಗಿ ಕ್ರಮಿಸಿದ್ದೆ. ಬ್ರೇಕು ಹಿಡಿಯಲಿಲ್ಲವೇ ಎಂದು ಕೇಳುವಿರಿ. ಹಿಡಿದೆ, ಆದರೆ ರಸ್ತೆ ದುರಸ್ತಿಗೆಂದು ಎಡಬದಿಯಲ್ಲಿ ಸುರಿದಿದ್ದ ಜಲ್ಲಿಯ ರಾಶಿ ಅಷ್ಟರಲ್ಲಿ ಚಕ್ರದ ಕೆಳಗಿತ್ತು. ನನಗೆ ಮೊಣಕಾಲು ತರಚಿತು. ಆಕೆಯ ಬಲಗೈ ಮಣಿಕಟ್ಟಿನ ಮೂಳೆ ಮುರಿಯಿತು. ಆರು ವಾರ ಹಿಟ್ಟುಕಟ್ಟು. ಇಂದಿಗೂ ಅಕ್ಕಿರೊಟ್ಟಿ ತಟ್ಟುವಾಗ ನಡುವೆ ನಿಲ್ಲಿಸಿ ಮಣಿಕಟ್ಟನ್ನು ಎಡಗೈಯಿಂದ ಒತ್ತಿಕೊಳ್ಳುತ್ತಾಳೆ. ಆ ಸವಾರ ನಿಲ್ಲಲಿಲ್ಲ. ನಿಲ್ಲಬೇಕಾದಂಥದ್ದು ಏನಾದರೂ ಸಂಭವಿಸಿತೆಂಬುದೇ ಅವನಿಗೆ ತಿಳಿದಿರಲಾರದು. ಅವನ ಪಾಲಿಗೆ ರಸ್ತೆ ಹಾಡುಹಗಲಿನಂತೆ ಬೆಳಗಿತ್ತಲ್ಲ!

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ನಾನು ಅಪ್ರಾಮಾಣಿಕನಾಗುತ್ತೇನೆ. 1984ರಲ್ಲಿ ನನ್ನ ಬಳಿ ಆರು ವೋಲ್ಟಿನ ಹಳೆಯ ಮೋಟಾರ್ ಸೈಕಲ್ಲೊಂದಿತ್ತು. ಎಂಜಿನ್ನಿನ ವೇಗ ಇಳಿದಾಗ ದೀಪ ಕೆಂಪಗಾಗಿ, ಏರಿದಾಗ ಹಳದಿಯಾಗುತ್ತಿದ್ದ ಕಾಲ ಅದು. ಶಿವಮೊಗ್ಗದ ಗುಜರಿಯಲ್ಲಿ ಲಾರಿಯದೊಂದು ದುಂಡು ದೀಪ ಸಿಕ್ಕಿತು. 35 ವಾಟಿನ ಬಲ್ಬು ಹಾಕಿ ಹ್ಯಾಂಡಲ್ಲಿನ ಕೆಳಗೆ ಬಿಗಿದೆ. ಹಗಲಿನಲ್ಲಿ ಮಕ್ಕಳಿಗೆ ವಾಟ್ ಎಂದರೆ ವೋಲ್ಟ್ ಗುಣಿಸು ಆಂಪಿಯರ್ ಎಂದು ಕಲಿಸುತ್ತಿದ್ದ ಈ ಮೇಷ್ಟರು, 35ನ್ನು 6ರಿಂದ ಭಾಗಿಸಿದರೆ ಸುಮಾರು 6 ಆಂಪಿಯರ್ ಹೆಚ್ಚುವರಿ ವಿದ್ಯುತ್ತು ಬೇಕೆಂದೂ ಅದನ್ನು ಆ ಬಡ ಡೈನಮೋ ಕೊಡಲಾರದೆಂದೂ ಒಮ್ಮೆಯೂ ಲೆಕ್ಕ ಹಾಕಲಿಲ್ಲ. ಮೂರನೆಯ ರಾತ್ರಿ ಎದುರಿನಿಂದ ಭತ್ತದ ಮೂಟೆ ಹೇರಿಕೊಂಡ ಎತ್ತಿನ ಗಾಡಿ ಬಂತು. ನನ್ನ ದೀಪಕ್ಕೆ ಎತ್ತುಗಳು ಬೆದರಿ ಗಾಡಿಯನ್ನು ಚರಂಡಿಗೆ ಎಳೆದವು. ಗಾಡಿಯವರು ಹಿರಿಯರು, ಬೈಯಲಿಲ್ಲ. "ಮೇಷ್ಟ್ರೇ, ಆ ದೀಪ ಒಂದು ಗಳಿಗೆ ಆರಿಸಿ, ಎತ್ತಿನ ಮುಖ ಕಾಣಲಿ" ಎಂದಷ್ಟೇ ಹೇಳಿದರು. ಇಬ್ಬರೂ ಸೇರಿ ಮೂಟೆ ಇಳಿಸಿ, ಗಾಡಿ ಎತ್ತಿ, ಮತ್ತೆ ಹೇರುವಾಗ ರಾತ್ರಿ ಹನ್ನೊಂದಾಗಿತ್ತು. ಬ್ಯಾಟರಿ ಸತ್ತಿದ್ದುದರಿಂದ ಮನೆಯವರೆಗೆ ಗಾಡಿ ತಳ್ಳಿದೆ. ಆದ್ದರಿಂದ ಹುಡುಗರೇ, ನಾನು ಆ ಬದಿಯಿಂದಲೂ ಈ ಬದಿಯಿಂದಲೂ ಮಾತನಾಡಬಲ್ಲೆ.

ಈಗ ವಿಷಯಕ್ಕೆ ಬರೋಣ. ದೀಪ ಮಾರುವವರು ಹೇಳುವ ಸಂಖ್ಯೆಗಳನ್ನು ಮೊದಲು ನೋಡಬೇಕು. ವಾಟ್ ಎಂಬುದು ದೀಪ ತಿನ್ನುವ ವಿದ್ಯುತ್ತಿನ ಅಳತೆಯೇ ಹೊರತು ಕೊಡುವ ಬೆಳಕಿನದಲ್ಲ. ಲ್ಯೂಮೆನ್ ಎಂಬುದು ದೀಪ ಎಲ್ಲ ದಿಕ್ಕುಗಳಿಗೂ ಚೆಲ್ಲುವ ಒಟ್ಟು ಬೆಳಕು. ಅದರಲ್ಲಿ ಎಷ್ಟು ರಸ್ತೆಗೆ ಹೋಯಿತು, ಎಷ್ಟು ಮರದ ಕೊಂಬೆಗೆ ಹೋಯಿತು, ಎಷ್ಟು ಎದುರಿನವರ ಕಣ್ಣಿಗೆ ಹೋಯಿತು ಎಂಬುದನ್ನು ಅದು ಹೇಳುವುದಿಲ್ಲ. ಒಂದು ದಿಕ್ಕಿನಲ್ಲಿ ಬೆಳಕು ಎಷ್ಟು ತೀವ್ರವೆಂಬುದಕ್ಕೆ ಕ್ಯಾಂಡೆಲ, ರಸ್ತೆಯ ಮೇಲೆ ಬಿದ್ದದ್ದಕ್ಕೆ ಲಕ್ಸ್. ಈ ಎರಡು ಸಂಖ್ಯೆಗಳನ್ನು ಆ ಚಿತ್ರಗಳ ಕೆಳಗೆ ನಾನು ಎಲ್ಲಿಯೂ ಕಾಣಲಿಲ್ಲ. ಇನ್ನು ವಾಟ್ ಆದರೂ ನಿಜವೇ? ಹೋದ ವರ್ಷ ನಮ್ಮ ಪೇಟೆಯಲ್ಲಿ ಮಾರುತ್ತಿದ್ದ, ಡಬ್ಬಿಯ ಮೇಲೆ 125 ವಾಟ್ ಎಂದು ದಪ್ಪ ಅಕ್ಷರಗಳಲ್ಲಿ ಅಚ್ಚಾಗಿದ್ದ ಎಲ್‌ಇಡಿ ದೀಪವೊಂದನ್ನು ನನ್ನ ಹಳೆಯ ಮಲ್ಟಿಮೀಟರಿಗೆ ಜೋಡಿಸಿ ಅಳೆದೆ. 12.4 ವೋಲ್ಟಿಗೆ 1.4 ಆಂಪಿಯರ್. ಗುಣಿಸಿ ನೋಡಿ, 17 ವಾಟ್ ಚಿಲ್ಲರೆ. ಏಳನೆಯ ತರಗತಿಯ ಹುಡುಗ ಹಿಡಿಯಬಹುದಾದ ಸುಳ್ಳು ಇದು. ಇಂಜಿನಿಯರಿಂಗ್ ಓದಿದವರು ನಂಬಿ ಹಣ ತೆರುತ್ತಿದ್ದಾರೆ.

ಆದರೆ ಸುಳ್ಳು ಸಂಖ್ಯೆ ದೊಡ್ಡ ದೋಷವಲ್ಲ. ದೊಡ್ಡ ದೋಷ ಬೆಳಕಿನ ಆಕಾರದಲ್ಲಿದೆ. ನಿಮ್ನ ದರ್ಪಣದ ಸಂಗಮಬಿಂದುವಿನಲ್ಲಿ ದೀಪವಿಟ್ಟರೆ ಕಿರಣಗಳು ಸಮಾಂತರವಾಗಿ ಹೊರಡುತ್ತವೆ ಎಂದು ನಿಮಗೆ ಕಪ್ಪುಹಲಗೆಯ ಮೇಲೆ ಬರೆದು ತೋರಿಸಿದ್ದು ನೆನಪಿದೆಯೇ? ವಾಹನದ ಹೆಡ್‌ಲೈಟ್ ಈ ತತ್ತ್ವವನ್ನು ಬಹಳ ಜಾಣ್ಮೆಯಿಂದ ಬಳಸುತ್ತದೆ. ಎಚ್4 ಎಂಬ ಸಾಮಾನ್ಯ ಹ್ಯಾಲೊಜನ್ ಬಲ್ಬಿನಲ್ಲಿ ಎರಡು ತಂತುಗಳಿವೆ: ಹೈಬೀಮಿಗೆ 60 ವಾಟಿನದು, ಡಿಪ್ಪಿಗೆ 55 ವಾಟಿನದು. ಡಿಪ್ಪಿನ ತಂತುವಿನ ಕೆಳಗೆ ಒಂದು ಪುಟ್ಟ ಲೋಹದ ಬಟ್ಟಲಿದೆ. ದರ್ಪಣದ ಕೆಳಭಾಗಕ್ಕೆ ಬೆಳಕು ತಾಗದಂತೆ ಅದು ತಡೆಯುವುದರಿಂದ ಬೆಳಕೆಲ್ಲ ಕೆಳಕ್ಕೆ ಬೀಳುತ್ತದೆ, ಮೇಲ್ಗಡೆ ಗೀಟು ಎಳೆದಂತೆ ಕತ್ತಲಿರುತ್ತದೆ. ಆ ಗೀಟಿನ ಮೇಲಿರುವುದು ಎದುರಿನವರ ಕಣ್ಣು. ಹಿಂದೆ ನಮ್ಮ ಲಾರಿ ಬಸ್ಸುಗಳ ಹೆಡ್‌ಲೈಟಿನ ಮೇಲೆ ಕಪ್ಪು ಬಣ್ಣದ ಬೊಟ್ಟು ಅಥವಾ ಪಟ್ಟಿ ಬಳಿಯುತ್ತಿದ್ದರಲ್ಲ, ಅದು ಒರಟು ಉಪಾಯವಾದರೂ ಅದೇ ಕಣ್ಣಿನ ಮೇಲಣ ಕಾಳಜಿಯಿಂದ ಹುಟ್ಟಿದ್ದು. ಲಾರಿಯ ಬೆನ್ನಿನ ಮೇಲೆ ರಾತ್ರಿಯಲ್ಲಿ ಡಿಪ್ಪರ್ ಬಳಸಿ ಎಂದು ಬರೆಸುತ್ತಿದ್ದ ಕಾಲದ ಸೌಜನ್ಯ ಅದು.

ಎಚ್4ರ ಗೂಡಿನೊಳಕ್ಕೆ ಎಲ್‌ಇಡಿ ಬಲ್ಬನ್ನು ತುರುಕುವವರೂ ಇದ್ದಾರೆ. ಬೆಳಕು ಹುಟ್ಟುವ ಬಿಂದು ಒಂದೆರಡು ಮಿಲಿಮೀಟರ್ ಸರಿದರೂ ದರ್ಪಣದ ಲೆಕ್ಕವೆಲ್ಲ ಕೆಡುತ್ತದೆ. ಆ ಗೀಟು ಮಾಯವಾಗುತ್ತದೆ. ಇದರ ಬಗ್ಗೆ ಹೆಚ್ಚು ಬರೆಯಲಾರೆ, ಬರೆದರೆ ಕೋಪ ಬರುತ್ತದೆ.

ಲೆಗ್‌ಗಾರ್ಡಿಗೆ ಬಿಗಿಯುವ ಹೆಚ್ಚುವರಿ ದೀಪಗಳ ಕಥೆಗೆ ಬರುತ್ತೇನೆ. ಇವುಗಳಲ್ಲಿ ಬಹುಪಾಲು ದುಂಡನೆಯ ಬೆಳಕಿನವು. ಟಾರ್ಚಿನಂತೆ ಶಂಕುವಿನಾಕಾರದಲ್ಲಿ ಎಲ್ಲ ಕಡೆಗೂ ಸಮನಾಗಿ ಚೆಲ್ಲುವಂಥವು. "ಸ್ವಲ್ಪ ಕೆಳಕ್ಕೆ ಬಾಗಿಸಿದರಾಯಿತು ಮಾವ" ಎಂದು ನನ್ನ ಸೋದರಳಿಯ ವಾದಿಸಿದ. ಸರಿ, ಬಾಗಿಸೋಣ. ಕಾಗದ ಪೆನ್ಸಿಲು ತೆಗೆದುಕೊಳ್ಳಿ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 106ನೆಯದು ಒಂದು ಕಣ್ಣನ್ನು ಕಲ್ಪಿಸಿಕೊಳ್ಳುತ್ತದೆ. ಆ ಕಣ್ಣು ದೀಪದಿಂದ 8 ಮೀಟರ್ ಮುಂದೆ, ಅರ್ಧ ಮೀಟರ್ ಬಲಕ್ಕೆ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿದೆ. ವಾಹನದ ದೀಪ ಆ ಕಣ್ಣನ್ನು ಕೋರೈಸದಂತೆ ಕೆಳಮುಖವಾಗಿರಬೇಕು ಎಂಬುದು ನಿಯಮದ ತಾತ್ಪರ್ಯ. ಕಾನೂನಿನ ಪುಸ್ತಕದಲ್ಲಿ ಇಷ್ಟು ಮನುಷ್ಯತ್ವದ ರೇಖಾಗಣಿತವನ್ನು ನಾನು ಬೇರೆ ಕಂಡಿಲ್ಲ. ಸ್ಕೂಟರಿನ ಮೇಲೆ ಕುಳಿತವರ, ಅಂಚಿನಲ್ಲಿ ನಡೆಯುವವರ, ಸೈಕಲ್ ತುಳಿಯುವವರ ಕಣ್ಣು ಹೆಚ್ಚುಕಡಿಮೆ ಅಲ್ಲಿಯೇ ಇರುತ್ತದೆ.

ದೀಪವನ್ನು ನೆಲದಿಂದ 70 ಸೆಂಟಿಮೀಟರ್ ಎತ್ತರದಲ್ಲಿ ಕಟ್ಟಿದ್ದೀರಿ ಎನ್ನೋಣ. ಆಗ ಆ ಕಣ್ಣು ದೀಪಕ್ಕಿಂತ 80 ಸೆಂಟಿಮೀಟರ್ ಮೇಲಿದೆ. 8 ಮೀಟರ್ ದೂರದಲ್ಲಿ ಅದು 5.7 ಡಿಗ್ರಿಯ ಕೋನ. ನಿಮ್ಮ ದೀಪ 30 ಡಿಗ್ರಿಯ ಶಂಕುವಾದರೆ ಮಧ್ಯರೇಖೆಯಿಂದ ಮೇಲಕ್ಕೆ 15 ಡಿಗ್ರಿಯವರೆಗೆ ಬೆಳಕು ಹೋಗುತ್ತದೆ. ಅಷ್ಟು ದೂರದಲ್ಲಿ ಅದು ನೆಲದಿಂದ 2.8 ಮೀಟರ್ ಎತ್ತರ, ಅಂದರೆ ಆನೆಯ ಬೆನ್ನಿನ ಮಟ್ಟ. ಆದ್ದರಿಂದ ದೀಪವನ್ನು 9 ಡಿಗ್ರಿಗಿಂತ ಹೆಚ್ಚು ಬಾಗಿಸಬೇಕು. ಆದರೆ ಎದುರಿನವರು 8 ಮೀಟರಿನಲ್ಲಿ ಥಟ್ಟನೆ ಪ್ರತ್ಯಕ್ಷವಾಗುವುದಿಲ್ಲವಲ್ಲ! ಅವರು ದೂರದಿಂದ ಬರುತ್ತಾರೆ. 25 ಮೀಟರಿನಲ್ಲಿ ಅದೇ ಕಣ್ಣು ಕೇವಲ 1.8 ಡಿಗ್ರಿ ಮೇಲಿರುತ್ತದೆ. ಆ ಕಣ್ಣನ್ನು ಉಳಿಸಬೇಕಾದರೆ 13 ಡಿಗ್ರಿ ಬಾಗಿಸಬೇಕು. ಹಾಗೆ ಬಾಗಿಸಿದ ದೀಪದ ಮಧ್ಯರೇಖೆ ನೆಲ ಮುಟ್ಟುವುದು ಎಲ್ಲಿ? ಲೆಕ್ಕ ಹಾಕಿ: ಮೂರು ಮೀಟರ್ ಮುಂದೆ. ಮುಂದಿನ ಚಕ್ರದ ನೆರಳಿನಲ್ಲಿ! ಸಾವಿರಾರು ರೂಪಾಯಿ ಕೊಟ್ಟು ಚಕ್ರದ ಮುಂದಿನ ಗುಂಡಿಯನ್ನು, ಅದರಲ್ಲಿ ಬೀಳುವ ಕ್ಷಣಕ್ಕೆ ಸರಿಯಾಗಿ, ಕಾಣಬಹುದು. ಹೀಗಾಗಿ ದುಂಡು ಬೆಳಕಿನ ದೀಪವನ್ನು ಸರಿಯಾಗಿ ಬಾಗಿಸಿದರೆ ನಿಮಗೆ ಉಪಯೋಗವಿಲ್ಲ, ಬಾಗಿಸದಿದ್ದರೆ ಎದುರಿನವರಿಗೆ ಉಳಿವಿಲ್ಲ. ನಾನು "ಒಂದೂ ಬೇಡ" ಎಂದದ್ದು ಇದಕ್ಕೆ. ಅವನು ಕಳುಹಿಸಿದ ಚಿತ್ರಗಳೆಲ್ಲವೂ ದುಂಡು ದೀಪಗಳದ್ದೇ ಆಗಿದ್ದವು.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ನಮ್ಮ ಪೇಟೆಯಲ್ಲಿ ವಾಹನಗಳ ವೈರಿಂಗ್ ಕೆಲಸದ ಅಂಗಡಿ ಇಟ್ಟಿದ್ದಾನೆ. ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನದಲ್ಲಿ ನಪಾಸಾದವನು. ಇಂದು ನನಗಿಂತ ಚೆನ್ನಾಗಿ ವಿದ್ಯುತ್ತನ್ನು ಬಲ್ಲ. ಅವನನ್ನು ಕೇಳಿದೆ, ಇಂಥವನ್ನೇಕೆ ಮಾರುತ್ತೀಯೆಂದು. ಅವನು, "ಸಾರ್, ಸರಿಯಾದ ಫಾಗ್ ಲೈಟೂ ತಂದಿಟ್ಟಿದ್ದೆ. ಒಬ್ಬರೂ ಕೊಳ್ಳಲಿಲ್ಲ. ಹುಡುಗರು ಅಂಗಡಿಗೆ ಬಂದು ಎದುರು ಗೋಡೆಗೆ ಹೊಡೆಸಿ ನೋಡ್ತಾರೆ. ಗೋಡೆ ಮೇಲೆ ಯಾವುದು ಕಣ್ಣು ಕುಕ್ಕುತ್ತೋ ಅದನ್ನೇ ತಗೋತಾರೆ" ಎಂದ. ಇಡೀ ವ್ಯಾಪಾರದ ರಹಸ್ಯವನ್ನು ಅವನು ಒಂದು ಮಾತಿನಲ್ಲಿ ಹೇಳಿದ. ಗೋಡೆ ಎದ್ದು ನಿಂತಿದೆ, ರಸ್ತೆ ಮಲಗಿದೆ. ಗೋಡೆಯ ಮೇಲೆ ಗೆಲ್ಲುವ ದೀಪ ರಸ್ತೆಯ ಮೇಲೆ ಸೋಲುತ್ತದೆ. ಚಪ್ಪಟೆಯಾಗಿ, ಅಗಲವಾಗಿ, ಮೇಲಂಚು ಕತ್ತರಿಸಿದಂತೆ ಬೀಳುವ ಒಳ್ಳೆಯ ದೀಪದ ಬೆಳಕು ಗೋಡೆಯ ಮೇಲೆ ಒಂದು ಪಟ್ಟಿಯಂತೆ ಬಡವಾಗಿ ಕಾಣುತ್ತದೆ.

ಬೆಳಕೇ ಬೇಡವೆಂದು ನಾನು ಹೇಳುತ್ತಿಲ್ಲ. ಮಲೆನಾಡಿನವನಾಗಿ ಹಾಗೆ ಹೇಳಿದರೆ ನಗೆಪಾಟಲಾದೀತು. ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳಲ್ಲಿ, ಚಾರ್ಮಾಡಿಯಲ್ಲಿ, ಆಷಾಢದ ಮಂಜಿನಲ್ಲಿ ಗಾಡಿ ಓಡಿಸಿದವರಿಗೆ ಗೊತ್ತು, ಹೆಡ್‌ಲೈಟ್ ಎಷ್ಟು ಅಸಹಾಯಕವೆಂದು. ಕೂದಲಪಿನ್ನಿನಂತಹ ತಿರುವಿನಲ್ಲಿ ಗಾಡಿ ತಿರುಗುತ್ತಿದ್ದರೆ ಬೆಳಕು ನೇರವಾಗಿ ಕಣಿವೆಗೆ ಹೋಗುತ್ತಿರುತ್ತದೆ. ಅಲ್ಲಿ ಬೇಕಾದದ್ದು ದೂರಕ್ಕೆ ಎಸೆಯುವ ಬೆಳಕಲ್ಲ, ಎಡಬಲಕ್ಕೆ ಹರಡುವ ಬೆಳಕು. ದೂರದ ಮೋಹಕ್ಕೆ ಇನ್ನೊಂದು ಲೆಕ್ಕವೂ ಇದೆ. ದೂರ ಎರಡರಷ್ಟಾದರೆ ಅಷ್ಟೇ ಬೆಳಕು ಬೀಳಲು ತೀವ್ರತೆ ನಾಲ್ಕರಷ್ಟು ಬೇಕು. ವಿಲೋಮ ವರ್ಗ ನಿಯಮ. ಇನ್ನೊಂದೆಡೆ, 60 ಕಿಲೋಮೀಟರ್ ವೇಗದಲ್ಲಿ ಹೋಗುವವನಿಗೆ ಅಡ್ಡ ಬಂದದ್ದನ್ನು ಗ್ರಹಿಸಿ ಬ್ರೇಕಿಗೆ ಕೈಹಾಕಲು ಒಂದೂವರೆ ಸೆಕೆಂಡು ಹಿಡಿದರೆ 25 ಮೀಟರ್, ಒಣ ರಸ್ತೆಯಲ್ಲಿ ಮಧ್ಯಮ ಬ್ರೇಕು ಹಿಡಿದು ನಿಲ್ಲಲು 28 ಮೀಟರ್, ಒಟ್ಟು 53 ಮೀಟರ್ ಬೇಕು. 80 ಕಿಲೋಮೀಟರ್ ವೇಗಕ್ಕೆ ಅದೇ ಲೆಕ್ಕದಲ್ಲಿ 83 ಮೀಟರ್. ವೇಗವನ್ನು 20 ಇಳಿಸಿದರೆ ಸುಮಾರು 30 ಮೀಟರ್ ಉಚಿತವಾಗಿ ಸಿಗುತ್ತದೆ. ಫ್ಯೂಸ್ ಬೇಡ, ಸ್ವಿಚ್ ಬೇಡ.

ಮಂಜಿನ ಮಾತು ಬಂತಾದ್ದರಿಂದ ಒಂದು ತಪ್ಪೊಪ್ಪಿಗೆ. ಹಳದಿ ಬೆಳಕಿನ ತರಂಗದೂರ ಹೆಚ್ಚು, ಆದ್ದರಿಂದ ಅದು ಕಡಿಮೆ ಚದುರುತ್ತದೆ, ಆದ್ದರಿಂದ ಮಂಜನ್ನು ಭೇದಿಸಿಕೊಂಡು ಹೋಗುತ್ತದೆ ಎಂದು ನಾನು ಮೂವತ್ತು ವರ್ಷಗಳ ಕಾಲ ಪಾಠ ಮಾಡಿದೆ. ಆಕಾಶ ನೀಲಿಯಾಗಿರುವುದಕ್ಕೆ ಹೇಳುವ ಕಾರಣವನ್ನೇ ಎತ್ತಿ ಮಂಜಿಗೆ ಅಂಟಿಸಿಬಿಟ್ಟಿದ್ದೆ. ಅದು ತಪ್ಪು. ಆ ನಿಯಮ ಬೆಳಕಿನ ತರಂಗದೂರಕ್ಕಿಂತ ಬಹಳ ಚಿಕ್ಕದಾದ ಕಣಗಳಿಗೆ, ಗಾಳಿಯ ಅಣುಗಳಂಥವಕ್ಕೆ, ಅನ್ವಯಿಸುತ್ತದೆ. ಮಂಜಿನ ಹನಿಗಳು ತರಂಗದೂರಕ್ಕಿಂತ ಹತ್ತಾರು ಪಟ್ಟು ದೊಡ್ಡವು. ಅವು ಎಲ್ಲ ಬಣ್ಣಗಳನ್ನೂ ಹೆಚ್ಚುಕಡಿಮೆ ಸಮನಾಗಿ ಚದುರಿಸುತ್ತವೆ. ಹಾಗಿಲ್ಲದಿದ್ದರೆ ಆಗುಂಬೆಯ ಮಂಜು ಬೆಳ್ಳಗಲ್ಲ, ನೀಲಿಯಾಗಿ ಕಾಣಬೇಕಿತ್ತಲ್ಲವೇ? ಒಬ್ಬ ಹುಡುಗಿ ಒಮ್ಮೆ ಎದ್ದು ನಿಂತು ಇದನ್ನೇ ಕೇಳಿದ್ದಳು. "ಪರೀಕ್ಷೆಗೆ ಬೇಕಾದಷ್ಟು ಓದು" ಎಂದು ಕೂರಿಸಿದ್ದೆ. ಆಕೆ ಈ ಪುಟವನ್ನು ಓದುತ್ತಿದ್ದರೆ ಕ್ಷಮೆ ಕೇಳುತ್ತೇನೆ.

ಹಾಗಾದರೆ ಹಳದಿ ಬೆಳಕು ನಿಷ್ಪ್ರಯೋಜಕವೇ? ಪೂರ್ಣವಾಗಿ ಅಲ್ಲ. ಇಂದಿನ ಬಿಳಿ ಎಲ್‌ಇಡಿ ಎಂದರೆ ಮೂಲತಃ ನೀಲಿ ಎಲ್‌ಇಡಿ; ಅದರ ಮೇಲೆ ಹಳದಿ ಬೆಳಕು ಹೊಮ್ಮಿಸುವ ಲೇಪನ ಹಚ್ಚಿ ಬಿಳಿಯಾಗಿಸಿರುತ್ತಾರೆ. (ಆ ನೀಲಿ ದೀಪವನ್ನು ಸಾಧಿಸಿದ ಅಕಸಾಕಿ, ಅಮಾನೋ, ನಕಾಮುರಾ ಅವರಿಗೆ 2014ರಲ್ಲಿ ನೊಬೆಲ್ ಬಂತು. ಅವರು ದೊಡ್ಡವರು, ಲೆಗ್‌ಗಾರ್ಡಿಗೆ ಕಟ್ಟಿದ್ದು ಅವರಲ್ಲ.) ನೀಲಿಯ ಅಂಶ ಹೆಚ್ಚಾದಷ್ಟೂ ಕಣ್ಣಿಗೆ ಚುಚ್ಚಿದ ಅನುಭವ ಹೆಚ್ಚು. ಅದನ್ನು ಕಡಿಮೆ ಮಾಡಿದ ಹಳದಿ ಬೆಳಕು ಮಂಜಿನಿಂದ ಹಿಂದಿರುಗಿ ಬಂದಾಗ ಸವಾರನ ಕಣ್ಣಿಗೂ ಸ್ವಲ್ಪ ಹಿತ. ಫ್ರಾನ್ಸ್ ದೇಶದಲ್ಲಿ 1930ರ ದಶಕದಿಂದ 1993ರವರೆಗೆ ವಾಹನಗಳಿಗೆ ಹಳದಿ ಹೆಡ್‌ಲೈಟ್ ಕಡ್ಡಾಯವಾಗಿತ್ತು. ಆದರೆ ಮಂಜಿನಲ್ಲಿ ನಿಜವಾಗಿ ಕೆಲಸ ಮಾಡುವುದು ಬಣ್ಣಕ್ಕಿಂತ ಎತ್ತರ ಮತ್ತು ಆಕಾರ. ದೀಪ ನೆಲಕ್ಕೆ ಹತ್ತಿರವಿದ್ದು, ಮೇಲಂಚು ಕತ್ತರಿಸಿದ್ದರೆ, ಕಣ್ಣಿನ ಮುಂದಿನ ಮಂಜು ಬೆಳಗದೆ ರಸ್ತೆ ಮಾತ್ರ ಬೆಳಗುತ್ತದೆ. ಹಳದಿ ಬಣ್ಣದ ದುಂಡು ದೀಪ ಮಂಜಿನಲ್ಲಿ ಹಳದಿ ಗೋಡೆ ಕಟ್ಟುತ್ತದೆ, ಅಷ್ಟೇ.

"ಎದುರಿನವನು ಡಿಪ್ ಮಾಡುವುದಿಲ್ಲ, ನಾನೇಕೆ ಮಾಡಲಿ? ಅವನಿಗಿಂತ ನನ್ನದು ಜೋರಾಗಿದ್ದರೆ ತಾನಾಗಿ ಡಿಪ್ ಮಾಡುತ್ತಾನೆ." ಇದು ನನ್ನ ಸೋದರಳಿಯನ ಕೊನೆಯ ವಾದ, ಅವನೊಬ್ಬನದೇ ಅಲ್ಲ, ಈ ದೀಪ ಹಾಕಿಸಿಕೊಂಡ ಬಹುತೇಕರ ಮನಸ್ಸಿನ ಮಾತು. ಇದನ್ನು ಕೇಳಿದಾಗ ನನಗೆ ನಿಜಕ್ಕೂ ಸಂಕಟವಾಯಿತು. ಎದುರಿನವನ ಕಣ್ಣು ಕಟ್ಟಿದರೆ ಅವನ ಗಾಡಿ ಎಲ್ಲಿಗೆ ಬರುತ್ತದೆ ಎಂದುಕೊಂಡಿದ್ದೀರಿ? ಅವನಿಗೆ ಕಾಣುವ ವಸ್ತು ಜಗತ್ತಿನಲ್ಲಿ ಒಂದೇ, ನಿಮ್ಮ ದೀಪ. ಕತ್ತಲೆಗೆ ಪೂರ್ಣವಾಗಿ ಹೊಂದಿಕೊಳ್ಳಲು ಮನುಷ್ಯನ ಕಣ್ಣಿಗೆ 20ರಿಂದ 30 ನಿಮಿಷ ಬೇಕು. ಅದನ್ನು ಕೆಡಿಸಲು ಒಂದು ಕ್ಷಣ ಸಾಕು. ವಯಸ್ಸಾದಂತೆ ಕಣ್ಣಿನ ಮಸೂರ ಮಬ್ಬಾಗಿ ಬೆಳಕನ್ನು ಒಳಗೇ ಚದುರಿಸುತ್ತದೆ, ಚೇತರಿಕೆ ಇನ್ನೂ ನಿಧಾನವಾಗುತ್ತದೆ. ಇಪ್ಪತ್ತೈದರ ಹುಡುಗ ರೆಪ್ಪೆ ಬಡಿದು ಸುಧಾರಿಸಿಕೊಳ್ಳುವ ಬೆಳಕಿಗೆ ಅರವತ್ತೈದರ ಮುದುಕ ಜಲ್ಲಿ ರಾಶಿ ಹತ್ತುತ್ತಾನೆ. ಇನ್ನು ಈ ಪೈಪೋಟಿಯಲ್ಲಿ ದೀಪವೇ ಇಲ್ಲದವರ ಗತಿ ಏನು? ಡೇರಿಗೆ ಹಾಲು ಕೊಂಡೊಯ್ಯುವ ಸೈಕಲ್ಲಿನವರು, ಬಸ್ಸಿಳಿದು ನಡೆಯುವ ಹೆಣ್ಣುಮಕ್ಕಳು, ಇವರೆಲ್ಲ ಯಾವ ದೀಪ ಹಾಕಿ ನಿಮಗೆ ಉತ್ತರ ಕೊಡಬೇಕು? ನೀವೂ ಒಂದು ದಿನ ಆ ಬಸ್ಸಿನಿಂದ ಇಳಿದು ನಡೆದು ಶಾಲೆಗೆ ಬಂದವರಲ್ಲವೇ?

"ಹಗಲಿನಲ್ಲಿ ನಾವು ಎದ್ದು ಕಾಣಬೇಕಲ್ಲ" ಎನ್ನುವವರಿದ್ದಾರೆ. 2017ರ ಏಪ್ರಿಲ್‌ನಿಂದ ನಮ್ಮ ದೇಶದಲ್ಲಿ ಹೊಸ ದ್ವಿಚಕ್ರ ವಾಹನಗಳ ಹೆಡ್‌ಲೈಟ್ ಎಂಜಿನ್ ಓಡುವಾಗಲೆಲ್ಲ ತಾನಾಗಿ ಉರಿಯುವಂತೆ ಮಾಡಿರುವುದು ಅದಕ್ಕಾಗಿಯೇ.

ಸರ್ಕಾರವನ್ನೂ ಬಿಡಲಾರೆ. ರಸ್ತೆಯ ಅಂಚಿಗೆ ಬಿಳಿ ಗೆರೆ ಎಳೆದಿದ್ದರೆ, ತಿರುವಿನಲ್ಲಿ ಹೊಳೆಯುವ ಫಲಕವಿದ್ದರೆ, ಜಲ್ಲಿಯ ರಾಶಿಗೆ ಒಂದು ಕೆಂಪು ಲಾಂದ್ರ ಇಟ್ಟಿದ್ದರೆ ಅರ್ಧದಷ್ಟು ಹುಡುಗರು ಈ ದೀಪ ಕೊಳ್ಳುತ್ತಿರಲಿಲ್ಲ. ಹಂಪುಗಳಿಗೆ ಕಪ್ಪು ಬಿಳಿ ಪಟ್ಟೆ ಬಳಿದು ಮುಂಚಿತವಾಗಿ ಫಲಕ ನೆಡಬೇಕೆಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ 1988ರಷ್ಟು ಹಿಂದೆಯೇ ಮಾರ್ಗಸೂಚಿ ಹೊರಡಿಸಿದೆ. ನಮ್ಮ ಊರಿನ ಶಾಲೆಯ ಮುಂದಿನ ಹಂಪಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ. 2024ರ ಜುಲೈಯಿಂದ ನಮ್ಮ ರಾಜ್ಯದ ಪೊಲೀಸರು ಕಣ್ಣು ಕೋರೈಸುವ ದೀಪಗಳ ಮೇಲೆ ಪ್ರಕರಣ ದಾಖಲಿಸುವ ಕಾರ್ಯಾಚರಣೆ ಕೈಗೊಂಡರು, ಒಳ್ಳೆಯದೇ. ಆದರೆ ದಂಡ ಬೀಳುವುದು ಹಾಕಿಸಿಕೊಂಡವನಿಗೆ. ಅಂಗಡಿಯಲ್ಲಿ ರಾಶಿ ಹಾಕಿ ಮಾರುವುದನ್ನು ಯಾರೂ ಕೇಳುವುದಿಲ್ಲ.

ಹಾಗಾದರೆ ಏನು ಮಾಡಬೇಕು ಎಂದು ಕೇಳುವವರಿಗೆ ಹೇಳುತ್ತೇನೆ. ಮೊದಲು ಇರುವ ಹೆಡ್‌ಲೈಟಿನ ಗಾಜನ್ನು ಒರೆಸಿ. ನಗಬೇಡಿ. ಆಮೇಲೆ ಅದರ ವಾಲು ಸರಿಯಾಗಿದೆಯೇ ನೋಡಿ. ಹಿಂದೆ ಒಬ್ಬರು ಕುಳಿತರೆ ಮೂತಿ ಮೇಲೆದ್ದು ಡಿಪ್ಪೂ ಹೈಬೀಮಿನಂತಾಗುತ್ತದೆ. ಹಳೆಯ ಹ್ಯಾಲೊಜನ್ ಗಾಡಿಯಾದರೆ ಬಲ್ಬಿನ ಬುಡದಲ್ಲಿಯೇ ವೋಲ್ಟೇಜ್ ಅಳೆಸಿ. ಸವೆದ ಸ್ವಿಚ್ಚು, ತುಕ್ಕು ಹಿಡಿದ ಜೋಡಣೆಗಳಿಂದ ವೋಲ್ಟೇಜ್ ಶೇಕಡಾ 10ರಷ್ಟು ಇಳಿದರೆ ಬೆಳಕು ಸುಮಾರು ಶೇಕಡಾ 30ರಷ್ಟು ಇಳಿಯುತ್ತದೆ. ಬ್ಯಾಟರಿಯಿಂದ ದೀಪ ಉರಿಸುವ ಗಾಡಿಗಳಲ್ಲಿ ಒಂದು ರಿಲೇ, ದಪ್ಪ ತಂತಿ, ಒಂದು ಫ್ಯೂಸ್ ಹಾಕಿದರೆ ಆ ಬೆಳಕೆಲ್ಲ ಮರಳುತ್ತದೆ. ನನ್ನ ಆ ನಪಾಸು ಶಿಷ್ಯ ಕೆಲವು ನೂರು ರೂಪಾಯಿಗಳಲ್ಲಿ ಮಾಡಿಕೊಡುತ್ತಾನೆ. ಅನೇಕರು ಇಲ್ಲಿಗೇ ತೃಪ್ತರಾಗಿ ಹೋಗುತ್ತಾರಂತೆ.

ಇಷ್ಟರ ಮೇಲೂ ಘಾಟಿಯಲ್ಲಿ ಓಡಾಡಬೇಕಾದವರು ಫಾಗ್ ಲೈಟ್ ಎಂದೇ ತಯಾರಾದದ್ದನ್ನು ಕೊಳ್ಳಲಿ. ಗಾಜಿನ ಮೇಲೆ ವೃತ್ತದೊಳಗೆ ಇಂಗ್ಲಿಷಿನ ದೊಡ್ಡ 'ಇ' ಅಕ್ಷರವೂ ಪಕ್ಕದಲ್ಲಿ 'ಬಿ' ಅಥವಾ 'ಎಫ್3' ಎಂಬ ಗುರುತೂ ಇದ್ದರೆ ಅದು ಯುರೋಪಿನ ಫಾಗ್ ಲೈಟಿನ ಮಾನದಂಡಕ್ಕೆ ಒಳಪಟ್ಟದ್ದು. ಮೇಲಂಚು ಕತ್ತರಿಸಿದ ಬೆಳಕು ಅದರದ್ದು. (ಇಂಥ ಗುರುತನ್ನೂ ಸುಳ್ಳಾಗಿ ಅಚ್ಚು ಹಾಕುವವರುಂಟು. ಆದ್ದರಿಂದ ಗೋಡೆಗೆ ಹೊಡೆಸಿ ನೋಡುವುದಾದರೆ ಪ್ರಖರತೆಯನ್ನಲ್ಲ, ಆ ಗೀಟನ್ನು ನೋಡಿ.) ಎರಡೂ ಸೇರಿ 40 ವಾಟ್ ಮೀರುವುದು ಬೇಡ, ಅಷ್ಟಕ್ಕೇ 3.3 ಆಂಪಿಯರ್ ಬೇಕು, ನಿಂತ ಗಾಡಿಯ ಎಂಜಿನ್ ಅಷ್ಟನ್ನು ಕೊಡಲು ಏದುಸಿರು ಬಿಡುತ್ತದೆ. ಹೆಡ್‌ಲೈಟಿಗಿಂತ ಕೆಳಗೆ ಕಟ್ಟಿಸಿ. ಅವುಗಳ ಸ್ವಿಚ್ಚು ಹೆಬ್ಬೆರಳಿಗೆ ಸಿಗುವಂತಿರಲಿ, ಟ್ಯಾಂಕಿನ ಕೆಳಗೆಲ್ಲೋ ಬೇಡ. ಮಂಜು ಕಳೆದ ಕೂಡಲೇ ಆರಿಸಿ. ಸ್ಪಾಟ್ ಲೈಟ್, ಸರ್ಚ್ ಲೈಟ್‌ಗಳನ್ನು ಪೂರ್ವಾನುಮತಿಯಿಲ್ಲದೆ ವಾಹನದ ಮುಂದೆ ಕಟ್ಟುವುದನ್ನು ಅದೇ 1989ರ ನಿಯಮಗಳು ನಿಷೇಧಿಸಿವೆ ಎಂಬುದೂ ನೆನಪಿರಲಿ.

ನನ್ನ ಸೋದರಳಿಯನಿಗೆ ಒಂದು ಮಾತು. ದೀಪಾವಳಿಗೆ ಬರುವಾಗ ಬೈಕಿನಲ್ಲೇ ಬಾ. ಬೇಕಾದರೆ ನಿನಗೆ ಇಷ್ಟವಾದ ಆ ದುಂಡು ದೀಪಗಳನ್ನು ಹಾಕಿಸಿಕೊಂಡೇ ಬಾ. ಅಂಗಳದಲ್ಲಿ 8 ಮೀಟರ್ ಅಳೆದು, ಅರ್ಧ ಮೀಟರ್ ಬಲಕ್ಕೆ ಒಂದು ಅಡಿಕೆ ದಬ್ಬೆಯ ಗೂಟ ನೆಟ್ಟಿದ್ದೇನೆ. ನಿನ್ನ ಅತ್ತೆಯ ಕಣ್ಣಿನ ಎತ್ತರ ನಿಂತಾಗ ಸರಿಯಾಗಿ 1 ಮೀಟರ್ 45 ಸೆಂಟಿಮೀಟರ್ ಇದೆ, ಅದನ್ನೂ ಅಳೆದಿದ್ದೇನೆ. ಕತ್ತಲಾದ ಮೇಲೆ ಅವಳು ಆ ಗೂಟದ ಬಳಿ ನಿಲ್ಲಲು ಒಪ್ಪಿದ್ದಾಳೆ. ಸ್ವಿಚ್ಚು ನಿನ್ನ ಕೈಯಲ್ಲಿರಲಿ.